ಸರ್ವರ್‌ಗೆ ದೂರದಿಂದ ಲಾಗಿನ್ ಆಗಲು ಯಾವ ಟೂಲ್? ನಮ್ಮ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಗದಗ-ಬೆಟಗೇರಿಯ ಪ್ರಿಂಟಿಂಗ್ ಪ್ರೆಸ್, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಅಡತಿ ಅಂಗಡಿ, ಧಾರವಾಡ ಸಪ್ತಾಪುರದ ಕೋಚಿಂಗ್ ಕ್ಲಾಸ್, ಹುಬ್ಬಳ್ಳಿ ಗೋಕುಲ ರೋಡಿನ ಸಣ್ಣ ಸಾಫ್ಟ್‌ವೇರ್ ಕಂಪನಿ: ಎಲ್ಲ ಕಡೆಯೂ ಈಗ ಒಂದಲ್ಲ ಒಂದು ಸರ್ವರ್ ಇದೆ. ಅದನ್ನು ನೋಡಿಕೊಳ್ಳುವವರು ಮಾತ್ರ ಬಹಳ ಸಲ ಬೇರೆ ಊರಲ್ಲಿ ಇರುತ್ತಾರೆ. ಅಂಥವರು ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

ಉದ್ದ ಭಾಷಣ ಬ್ಯಾಡ್ರಿ. ಯಾವ್ದು ಹಾಕ್ಕೊಳ್ಳಲಿ, ಅಷ್ಟ ಹೇಳ್ರಿ.

ಲಿನಕ್ಸ್ ಸರ್ವರ್ ಆದರೆ ಓಪನ್‌ಎಸ್‌ಎಸ್‌ಎಚ್ (ಎಸ್‌ಎಸ್‌ಎಚ್ ಅಂದರೆ ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ಲಾಗಿನ್ ಆಗುವ ವಿಧಾನ, ಇದು ಅದರ ಉಚಿತ ಪ್ರೋಗ್ರಾಂ), ಪಾಸ್‌ವರ್ಡ್ ಬದಲು ಕೀ, ಅಂದರೆ ನಿಮ್ಮ ಗುರುತು ತೋರಿಸುವ ಗುಪ್ತ ಫೈಲ್. ವಿಂಡೋಸ್ ಸರ್ವರ್ ಆದರೆ ಅದರ ಪರದೆಯನ್ನೇ ತೋರಿಸುವ ರಿಮೋಟ್ ಡೆಸ್ಕ್‌ಟಾಪ್, ಆದರೆ ವಿಪಿಎನ್ (ಇಂಟರ್‌ನೆಟ್ ಮೇಲಿನ ಖಾಸಗಿ ಸುರಂಗ) ಒಳಗಿನಿಂದ ಮಾತ್ರ. ಇಷ್ಟು ಮಾಡಿದರೆ ನಿಮ್ಮ ಕೈಯಲ್ಲಿ ಪುಟ್ಟಿ ಇದೆಯೋ, ಮೊಬಾಎಕ್ಸ್‌ಟರ್ಮ್ ಇದೆಯೋ (ಎರಡೂ ವಿಂಡೋಸ್‌ನಲ್ಲಿ ಓಡುವ ಎಸ್‌ಎಸ್‌ಎಚ್ ಪ್ರೋಗ್ರಾಂಗಳು), ಕಪ್ಪು ಕಮಾಂಡ್ ಪರದೆ ಇದೆಯೋ ಅನ್ನುವುದು ರುಚಿಯ ವಿಷಯ. ಜನ ಟೂಲ್ ಹುಡುಕಲು ವಾರಗಟ್ಟಲೆ ಕಳೆಯುತ್ತಾರೆ. ಇಂಟರ್‌ನೆಟ್‌ಗೆ ಯಾವ ಪೋರ್ಟ್ (ಯಂತ್ರದೊಳಗೆ ಬರುವ, ನಂಬರ್ ಹಾಕಿದ ಬಾಗಿಲು) ತೆರೆದಿದೆ, ಕೀ ಯಾರ್ಯಾರ ಹತ್ತಿರ ಇದೆ ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ನನ್ನ ಲೆಕ್ಕದಲ್ಲಿ ಆ ಎರಡಕ್ಕೆ ಉತ್ತರ ಗೊತ್ತಿದ್ದವರಿಗೆ ಟೂಲ್ ತಾನಾಗಿಯೇ ಆರಿಸಿ ಬರುತ್ತದೆ.

ವಿಂಡೋಸ್ ಲ್ಯಾಪ್‌ಟಾಪ್ ಐತ್ರಿ. ಪುಟ್ಟಿ ಹಾಕಲೇಬೇಕಾ?

ಹಾಕಲೇಬೇಕೆಂದಿಲ್ಲ. ವಿಂಡೋಸ್ 10ರ 2018ರ ಅಪ್‌ಡೇಟ್‌ನಿಂದ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ಸಿಸ್ಟಮ್ ಜೊತೆಗೇ ಬರುತ್ತದೆ. ಪವರ್‌ಶೆಲ್ ತೆರೆದು ಎಸ್‌ಎಸ್‌ಎಚ್ ಎಂದು ಹೊಡೆದು ನೋಡಿ, ಇದ್ದೇ ಇರುತ್ತದೆ. ಒಂದೇ ಕಿರಿಕಿರಿ: ಪಾಸ್‌ಫ್ರೇಸ್ (ಕೀ ಫೈಲಿಗೆ ಹಾಕಿದ ಪಾಸ್‌ವರ್ಡ್) ನೆನಪಿಟ್ಟುಕೊಳ್ಳುವ ಎಸ್‌ಎಸ್‌ಎಚ್ ಏಜೆಂಟ್ ಸರ್ವಿಸ್ ಅಲ್ಲಿ ಆಫ್ ಆಗಿರುತ್ತದೆ. ಸರ್ವಿಸಸ್ ಪಟ್ಟಿಗೆ ಹೋಗಿ ಒಮ್ಮೆ ಆಟೋಮ್ಯಾಟಿಕ್ ಮಾಡಿಟ್ಟರೆ ಮುಗಿಯಿತು.

ಹಾಗಂತ ಪುಟ್ಟಿಯನ್ನು ತೆಗಳುವವನು ನಾನಲ್ಲ. ಸೈಮನ್ ಟೇಥಮ್ ಶುರುಮಾಡಿದ ಈ ಪುಟ್ಟ ಪ್ರೋಗ್ರಾಂ 1999ರಿಂದ ಹೊರಗೆ ಓಡಾಡುತ್ತಿದೆ, ಇವತ್ತಿಗೂ ದುಡ್ಡು ಕೇಳುವುದಿಲ್ಲ, ಇನ್‌ಸ್ಟಾಲ್ ಕೂಡ ಬೇಡ. ಕನ್ಸೋಲ್ ಕೇಬಲ್ ಚುಚ್ಚಿ ಸ್ವಿಚ್ ಅಥವಾ ರೂಟರ್ ಕಾನ್ಫಿಗರ್ ಮಾಡುವಾಗ ಬೇಕಾಗುವ ಸೀರಿಯಲ್ ಸಂಪರ್ಕವೂ ಅದರಲ್ಲಿದೆ, ವಿಂಡೋಸ್‌ನ ಎಸ್‌ಎಸ್‌ಎಚ್‌ನಲ್ಲಿ ಅದಿಲ್ಲ. ಫೀಲ್ಡಿಗೆ ಹೋಗುವವರ ಪೆನ್‌ಡ್ರೈವ್‌ನಲ್ಲಿ ಪುಟ್ಟಿ ಇರಲಿ.

ಪುಟ್ಟಿಯ ಕೀ ಫೈಲ್ ಪಿಪಿಕೆ ಎಂಬ ತನ್ನದೇ ನಮೂನೆಯಲ್ಲಿ ಇರುತ್ತದೆ. ಓಪನ್‌ಎಸ್‌ಎಸ್‌ಎಚ್‌ಗೆ ಅದು ಓದಲು ಬರುವುದಿಲ್ಲ. ಪುಟ್ಟಿಜೆನ್‌ನಲ್ಲಿ ತೆರೆದು, ಕನ್ವರ್ಶನ್ಸ್ ಮೆನುವಿನಿಂದ ಓಪನ್‌ಎಸ್‌ಎಸ್‌ಎಚ್ ನಮೂನೆಗೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.

ಪುಟ್ಟಿಯೊಳಗ ಏನೋ ದೊಡ್ಡ ತೂತು ಸಿಕ್ಕಿತ್ತಂತಲ್ಲ?

ಹೌದು, 2024ರ ಏಪ್ರಿಲ್‌ನಲ್ಲಿ. ಇದನ್ನು ಅರ್ಧ ಕೇಳಿ ಬಿಟ್ಟವರೇ ಹೆಚ್ಚು, ಅದಕ್ಕೇ ಪೂರ್ತಿ ಹೇಳುತ್ತೇನೆ.

ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2024-31497 ಎಂದು ಅದರ ನಂಬರ್. ಪುಟ್ಟಿ 0.68ರಿಂದ 0.80ರವರೆಗಿನ ಆವೃತ್ತಿಗಳಲ್ಲಿ, ಪಿ-521 ಎಂಬ ಒಂದೇ ಬಗೆಯ ಇಸಿಡಿಎಸ್‌ಎ ಕೀ ಬಳಸಿದವರಿಗೆ ಮಾತ್ರ ಪೆಟ್ಟು. ಲಾಗಿನ್ ಆಗುವಾಗ ಕೀಯಿಂದ ಒಂದು ಡಿಜಿಟಲ್ ಸಹಿ ಹಾಕಲಾಗುತ್ತದೆ. ಪ್ರತಿ ಸಹಿಗೂ ಊಹಿಸಲಾಗದ ಒಂದು ಗುಪ್ತ ಸಂಖ್ಯೆ ಬೇಕು. ಅದು 521 ಬಿಟ್ ಉದ್ದ ಇರಬೇಕಾದಲ್ಲಿ ಪುಟ್ಟಿ 512 ಬಿಟ್‌ನ ಹ್ಯಾಶ್‌ನಿಂದ ಅದನ್ನು ತಯಾರಿಸುತ್ತಿತ್ತು, ಹೀಗಾಗಿ ಮೊದಲ 9 ಬಿಟ್‌ಗಳು ಯಾವಾಗಲೂ ಸೊನ್ನೆ. ಇಂಥ ಸುಮಾರು 60 ಸಹಿಗಳನ್ನು ಕಲೆಹಾಕಿದವನು ನಿಮ್ಮ ಪ್ರೈವೇಟ್ ಕೀಯನ್ನೇ ಲೆಕ್ಕಹಾಕಿ ತೆಗೆಯಬಹುದು. ದಾರಿಯಲ್ಲಿ ಕದ್ದು ಕೇಳುವವನಿಗೆ ಈ ಸಹಿಗಳು ಕಾಣುವುದಿಲ್ಲ. ಆದರೆ ನೀವು ಲಾಗಿನ್ ಆಗುವ ಸರ್ವರ್ ಯಾರದ್ದೋ ಕೈವಶವಾಗಿದ್ದರೆ ಅವನಿಗೆ ಕಾಣುತ್ತವೆ, ಅದೇ ಕೀಯಿಂದ ಗಿಟ್ ಕಮಿಟ್‌ಗೆ (ಕೋಡ್ ಬದಲಾವಣೆಯ ದಾಖಲೆಗೆ) ಸಹಿ ಹಾಕಿ ಸಾರ್ವಜನಿಕವಾಗಿ ಇಟ್ಟಿದ್ದರೆ ಎಲ್ಲರಿಗೂ ಕಾಣುತ್ತವೆ.

0.81ರಲ್ಲಿ ಇದು ಸರಿಹೋಯಿತು. ಬಹಳ ಜನ ಅಪ್‌ಡೇಟ್ ಮಾಡಿ ಕೈ ತೊಳೆದುಕೊಂಡರು, ಎಡವಿದ್ದು ಅಲ್ಲೇ. ಹಳೆಯ ಆವೃತ್ತಿಯಲ್ಲಿ ಸಹಿ ಹಾಕಿದ ಪಿ-521 ಕೀ ಇನ್ನು ನಂಬಿಕೆಗೆ ಅರ್ಹವಲ್ಲ. ಅದನ್ನು ಎಲ್ಲ ಸರ್ವರ್‌ಗಳಿಂದ ಅಳಿಸಿ ಹೊಸ ಕೀ ಮಾಡಬೇಕು. ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿ, ಟಾರ್ಟಾಯ್ಸ್‌ಗಿಟ್ ಕೂಡ ಪುಟ್ಟಿಯ ಕೋಡನ್ನೇ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರಿಂದ ಅವಕ್ಕೂ ಇದೇ ಮಾತು. ಇಡಿ25519 ಅಥವಾ ಆರ್‌ಎಸ್‌ಎ ಕೀ ಇದ್ದವರಿಗೆ ಇದರಿಂದ ತೊಂದರೆಯೇ ಇರಲಿಲ್ಲ.

ಪುಟ್ಟಿ ಎಲ್ಲಿಂದ ಇಳಿಸಬೇಕ್ರಿ? ಹುಡುಕಿದ್ರ ಹತ್ತು ಸೈಟ್ ಬರ್ತಾವು.

ಹುಡುಕಾಟದ ಮೇಲ್ಭಾಗದಲ್ಲಿ ಜಾಹೀರಾತಾಗಿ ಬರುವುದನ್ನು ಮುಟ್ಟಬೇಡಿ. ಪುಟ್ಟಿ, ವಿನ್‌ಎಸ್‌ಸಿಪಿ ಹೆಸರಿನ ನಕಲಿ ಸೈಟ್‌ಗಳನ್ನು ಜಾಹೀರಾತಿನ ಮೂಲಕ ಮೇಲೆ ತಂದು ಕಳ್ಳ ಸಾಫ್ಟ್‌ವೇರ್ ಹಂಚಿದ್ದು ನಡೆದಿದೆ. ಆ ಖದೀಮರು ಗುರಿ ಇಡುವುದೇ ಸರ್ವರ್ ನೋಡಿಕೊಳ್ಳುವವರಿಗೆ, ಅವರ ಲ್ಯಾಪ್‌ಟಾಪ್ ಒಂದು ಸಿಕ್ಕರೆ ಹತ್ತು ಆಫೀಸು ಸಿಕ್ಕಂತೆ.

ಪುಟ್ಟಿಯ ಅಸಲಿ ಪುಟ ಬಹಳ ವರ್ಷಗಳಿಂದ ಗ್ರೀನೆಂಡ್ ಎಂಬ ಬ್ರಿಟಿಷ್ ವಿಳಾಸದಲ್ಲಿದೆ, ನೋಡಲು ತೀರಾ ಸಾದಾ. ಅದು ಗುರುತು ಸಿಗದಿದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ತೆಗೆದುಕೊಳ್ಳಿ. ಇಳಿಸಿದ ಮೇಲೆ ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡಿಜಿಟಲ್ ಸಿಗ್ನೇಚರ್ಸ್. ಅಲ್ಲಿ ಸೈಮನ್ ಟೇಥಮ್ ಎಂದು ಇರಬೇಕು. ಅರ್ಧ ನಿಮಿಷದ ಕೆಲಸ.

ಹಳೇ ಸ್ವಿಚ್ ಒಳಗ ಟೆಲ್ನೆಟ್ ಅಷ್ಟ ಐತಿ. ಅದ ನಡೀತದಲ್ಲ?

ಟೆಲ್ನೆಟ್ ಎಸ್‌ಎಸ್‌ಎಚ್‌ಗಿಂತ ಹಳೆಯ ಲಾಗಿನ್ ವಿಧಾನ. ನಡೆಯುತ್ತದೆ, ನೀವು ಹೊಡೆಯುವ ಪಾಸ್‌ವರ್ಡ್ ಮಾತ್ರ ಬರಿಯ ಅಕ್ಷರಗಳಾಗಿ ತಂತಿಯ ಮೇಲೆ ಹೋಗುತ್ತದೆ. ಎಸ್‌ಎಸ್‌ಎಚ್ ಹುಟ್ಟಿದ್ದೇ ಇದರಿಂದ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಹೀಗೆ ಕದ್ದು ಓದಿದ್ದರು. ಅಲ್ಲಿದ್ದ ಟಾಟು ಯ್ಲೋನೆನ್ ಅದೇ ವರ್ಷ ಎಸ್‌ಎಸ್‌ಎಚ್ ಬರೆದು ಹೊರಗೆ ಬಿಟ್ಟರು. ಎಫ್‌ಟಿಪಿಯ 21, ಟೆಲ್ನೆಟ್‌ನ 23, ನಡುವೆ ಖಾಲಿ ಇದ್ದ ಪೋರ್ಟ್ 22ನ್ನು ಎಸ್‌ಎಸ್‌ಎಚ್‌ಗೆ ಕೇಳಿ ಪಡೆದದ್ದೂ ಅವರೇ. ಇವತ್ತು ಎಲ್ಲರೂ ಬಳಸುವ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಓಪನ್‌ಬಿಎಸ್‌ಡಿ ತಂಡದಿಂದ ಬಂತು.

ಆ ಸ್ವಿಚ್ ಬದಲಿಸುವ ದುಡ್ಡು ಈಗ ಇಲ್ಲದಿದ್ದರೆ ಟೆಲ್ನೆಟ್ ಆಫೀಸಿನ ಒಳಗಿನ ಪ್ರತ್ಯೇಕ ನೆಟ್‌ವರ್ಕ್‌ನಲ್ಲಷ್ಟೇ ಇರಲಿ.

ಎನಿಡೆಸ್ಕ್ ಹಾಕಿ ಬಿಟ್ಟೀವ್ರಿ, ಟ್ಯಾಲಿಯವರೂ ಅದರಾಗ ಬರ್ತಾರ. ಮತ್ತ್ಯಾಕ ಇದೆಲ್ಲ?

ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಎಂದು ಫೋನ್ ಬಂದಾಗ ಎದುರಿನವರು ಕುಳಿತಿರುವಾಗಲೇ ಹತ್ತು ನಿಮಿಷ ಒಳಗೆ ಹೋಗಿ ಬರಲು ಎನಿಡೆಸ್ಕ್, ಟೀಮ್‌ವ್ಯೂವರ್ ಒಳ್ಳೆಯವೇ. ಹಗಲು ರಾತ್ರಿ ತೆರೆದಿರುವ ಸರ್ವರ್‌ಗೆ ಅದನ್ನೇ ಖಾಯಂ ದಾರಿ ಮಾಡುವುದು ಬೇರೆ ಮಾತು.

ಮೊದಲನೆಯದು, ಎದುರು ಯಾರೂ ಇಲ್ಲದಾಗ ಒಳಗೆ ಹೋಗುವ (ಅನ್‌ಅಟೆಂಡೆಡ್) ಲಾಗಿನ್‌ಗೆ ಇಟ್ಟ ಪಾಸ್‌ವರ್ಡ್ ಬಹುತೇಕ ಅಂಗಡಿಯ ಹೆಸರು ಮತ್ತು 123. ಅದು ಅಕೌಂಟೆಂಟ್‌ಗೆ, ಅವರ ಹಿಂದಿನ ಅಕೌಂಟೆಂಟ್‌ಗೆ, ಸಾಫ್ಟ್‌ವೇರ್ ಹಾಕಿಕೊಟ್ಟವರಿಗೆ, ಅವರ ಬಳಿ ಕೆಲಸ ಬಿಟ್ಟು ಹೋದ ಹುಡುಗನಿಗೆ ಗೊತ್ತು. ಎರಡನೆಯದು, ನಡುವೆ ಕಂಪನಿಯೊಂದರ ಸರ್ವರ್ ಇರುತ್ತದೆ. 2024ರ ಫೆಬ್ರುವರಿಯಲ್ಲಿ ಎನಿಡೆಸ್ಕ್ ಕಂಪನಿಯೇ ತನ್ನ ಪ್ರೊಡಕ್ಷನ್ ಸಿಸ್ಟಮ್‌ಗಳಿಗೆ ಆಕ್ರಮಣವಾಗಿದೆ ಎಂದು ಪ್ರಕಟಿಸಿ, ಸರ್ಟಿಫಿಕೇಟ್‌ಗಳನ್ನು ಬದಲಿಸಿತು. ಮುಚ್ಚಿಡದೆ ಹೇಳಿದ್ದು ಅವರ ದೊಡ್ಡತನ. ಆದರೂ ಮಂಡಿಯ ಲೆಕ್ಕದ ಸರ್ವರ್‌ಗೆ ಹೋಗಲು ಮೂರನೆಯವರ ಮನೆ ಅಂಗಳ ದಾಟಬೇಕಾದ್ದು ಏನಿದೆ? ಇನ್ನು ಉಚಿತ ಆವೃತ್ತಿ ಇರುವುದು ಸ್ವಂತ ಬಳಕೆಗೆ, ವ್ಯಾಪಾರಕ್ಕಲ್ಲ.

ರೂಟರ್‌ನಾಗ 3389 ಪೋರ್ಟ್ ತೆರೆದು ರಿಮೋಟ್ ಡೆಸ್ಕ್‌ಟಾಪ್ ಹಚ್ಚೀವಿ. ಮೂರು ವರ್ಷ ಆತು, ಏನೂ ಆಗಿಲ್ಲ.

ಇವತ್ತೇ ಮುಚ್ಚಿ. ಇಡೀ ಪುಟದಲ್ಲಿ ನಾನು ಖಡಾಖಂಡಿತ ಹೇಳುವ ಮಾತು ಇದೊಂದೇ.

2019ರ ಮೇ ತಿಂಗಳಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬ್ಲೂಕೀಪ್ ಎಂಬ ದೋಷ ಹೊರಬಿತ್ತು. ಪಾಸ್‌ವರ್ಡ್ ಕೇಳುವ ಮುಂಚೆಯೇ ಹಳೆಯ ವಿಂಡೋಸ್‌ಗಳೊಳಗೆ ನುಗ್ಗಬಹುದಾದಂಥದ್ದು. ಬೆಂಬಲ ನಿಲ್ಲಿಸಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಡಬೇಕಾಯಿತು. ಅಂಥ ದೋಷ ಇಲ್ಲದಾಗಲೂ 3389 ತೆರೆದಿರುವ ಯಂತ್ರಗಳನ್ನು ಹುಡುಕಿ ಪಾಸ್‌ವರ್ಡ್ ಬಡಿಯುವ ಪ್ರೋಗ್ರಾಂಗಳು ಸದಾ ಓಡುತ್ತಿರುತ್ತವೆ. ರ‍್ಯಾನ್‌ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ಕಳ್ಳ ಸಾಫ್ಟ್‌ವೇರ್) ಒಳಗೆ ಬರುವ ಹೆದ್ದಾರಿಗಳಲ್ಲಿ ಇದೂ ಒಂದು. ಸುಗ್ಗಿಯಲ್ಲಿ, ಮೆಣಸಿನಕಾಯಿ ಆವಕ ಜೋರಿರುವಾಗ ರೈತರ ಪಟ್ಟಿ, ಖರೀದಿದಾರರ ಬಾಕಿ ಎಲ್ಲ ಬೀಗ ಬಿದ್ದು ಕುಳಿತರೆ ಆ ದಿನದ ಟೆಂಡರ್ ಏನಾಗಬೇಕು, ಯೋಚಿಸಿ.

3389 ಬದಲು 3390 ಮಾಡಿದರೆ ಉಪಯೋಗವಿಲ್ಲ. ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿ, ಅದರ ಒಳಗಿನಿಂದ ಮಾತ್ರ ರಿಮೋಟ್ ಡೆಸ್ಕ್‌ಟಾಪ್ ಸಿಗುವಂತೆ ಫೈರ್‌ವಾಲ್ ಇಡಿ. ವೈರ್‌ಗಾರ್ಡ್‌ಗೆ ಬೇಕಾದದ್ದು ಒಂದು ಯುಡಿಪಿ ಪೋರ್ಟ್, ಸಾಮಾನ್ಯವಾಗಿ 51820. ಸರಿಯಾದ ಕೀ ಇಲ್ಲದವರು ಬಾಗಿಲು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಆಫೀಸಿನಲ್ಲಿ ಒಂದು ಲಿನಕ್ಸ್ ಯಂತ್ರವೂ ಇದ್ದರೆ ಅದಕ್ಕೆ ಎಸ್‌ಎಸ್‌ಎಚ್ ಆಗಿ, ಪೋರ್ಟ್ ಫಾರ್ವರ್ಡಿಂಗ್ (ಒಂದು ಪೋರ್ಟಿಗೆ ಬಂದದ್ದನ್ನು ಇನ್ನೊಂದು ಯಂತ್ರಕ್ಕೆ ದಾಟಿಸುವುದು) ಮೂಲಕ ವಿಂಡೋಸ್ ಸರ್ವರ್ ತಲುಪುವುದೂ ಒಳ್ಳೆಯ ದಾರಿ.

ಪಾಸ್‌ವರ್ಡ್ ಗಟ್ಟಿ ಇಟ್ಟೀನ್ರಿ. ಕೀ ಯಾಕ ಬೇಕು?

ಯಾವುದಾದರೂ ಹೊಸ ಕ್ಲೌಡ್ ಸರ್ವರ್ ಎಬ್ಬಿಸಿ, ಒಂದು ರಾತ್ರಿ ಬಿಟ್ಟು ಅದರ ಆಥ್ ಲಾಗ್ (ಲಾಗಿನ್ ಪ್ರಯತ್ನಗಳ ದಾಖಲೆ) ನೋಡಿ. ‘ಫೇಲ್ಡ್ ಪಾಸ್‌ವರ್ಡ್’ ಸಾಲುಗಳು ಸಾಲುಗಟ್ಟಿರುತ್ತವೆ: ರೂಟ್, ಅಡ್ಮಿನ್, ಟೆಸ್ಟ್, ಉಬುಂಟು, ಒರಾಕಲ್, ಪೋಸ್ಟ್‌ಗ್ರೆಸ್. ಕೆಲವು ಸೆಕೆಂಡಿಗೊಂದು ಪ್ರಯತ್ನ. ನಿಮ್ಮ ಮೇಲೆ ಯಾರಿಗೂ ವೈರವಿಲ್ಲ, ಇಂಟರ್‌ನೆಟ್ ಪೂರ್ತಿ ಹೀಗೇ ಬಡಿಸಿಕೊಳ್ಳುತ್ತಿರುತ್ತದೆ.

ಕೀ ಅಂದರೆ ಜೋಡಿ. ಪಬ್ಲಿಕ್ ಕೀ ಬೀಗದ ಹಾಗೆ, ಎಷ್ಟು ಸರ್ವರ್‌ಗೆ ಬೇಕಾದರೂ ಜಡಿಯಿರಿ, ಯಾರು ನೋಡಿದರೂ ಚಿಂತೆಯಿಲ್ಲ. ಪ್ರೈವೇಟ್ ಕೀ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ವಾಟ್ಸ್ಆ್ಯಪ್‌ಗೆ ಹೋಗುವುದಿಲ್ಲ, ಮೇಲ್‌ಗೂ ಹೋಗುವುದಿಲ್ಲ. ಎಸ್‌ಎಸ್‌ಎಚ್-ಕೀಜೆನ್ ಓಡಿಸಿ ಇಡಿ25519 ಬಗೆ ಆರಿಸಿಕೊಳ್ಳಿ (ಓಪನ್‌ಎಸ್‌ಎಸ್‌ಎಚ್ 9.5ರಿಂದ ಕೇಳದಿದ್ದರೂ ಅದೇ ಬರುತ್ತದೆ), ಪಾಸ್‌ಫ್ರೇಸ್ ಕೇಳಿದಾಗ ಬರಿ ಎಂಟರ್ ಹೊಡೆದು ಮುಂದೆ ಹೋಗಬೇಡಿ.

ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿದೆ. ಆದ್ರೂ ಕೇಳಾಕತ್ತೈತಿ!

ಉಬುಂಟು ಕ್ಲೌಡ್ ಸರ್ವರ್ ಇರಬೇಕು. ಸರ್ವರ್ ಕಡೆ ಓಡುವ ಎಸ್‌ಎಸ್‌ಎಚ್ ಪ್ರೋಗ್ರಾಂ ಆದ ಎಸ್‌ಎಸ್‌ಎಚ್‌ಡಿಯ ಒಂದು ಸ್ವಭಾವ ಗೊತ್ತಿರಲಿ: ಒಂದೇ ಸೆಟ್ಟಿಂಗ್ ಎರಡು ಕಡೆ ಇದ್ದರೆ ಅದು ಮೊದಲು ಓದಿದ್ದನ್ನೇ ಹಿಡಿಯುತ್ತದೆ, ಕೊನೆಯದನ್ನಲ್ಲ. ಮುಖ್ಯ ಕಾನ್ಫಿಗ್ ಫೈಲಿನ ತಲೆಯ ಮೇಲೆಯೇ ಇನ್‌ಕ್ಲೂಡ್ ಸಾಲಿದೆ. ಅದು ಪಕ್ಕದ ಡಾಟ್-ಡಿ ಫೋಲ್ಡರಿನ ಫೈಲುಗಳನ್ನು ಮೊದಲು ಓದಿಸುತ್ತದೆ. ಆ ಫೋಲ್ಡರಿನಲ್ಲಿ 50-ಕ್ಲೌಡ್-ಇನಿಟ್ ಎಂಬ ಫೈಲ್ ‘ಪಾಸ್‌ವರ್ಡ್ ಆಥೆಂಟಿಕೇಶನ್ ಯೆಸ್’ ಎಂದು ಕುಳಿತಿದ್ದರೆ ನೀವು ಕೆಳಗೆ ಬರೆದ ‘ನೋ’ಗೆ ಬೆಲೆಯಿಲ್ಲ. ಅಲ್ಲೇ ಬದಲಿಸಿ, ಅಥವಾ 10ರಿಂದ ಶುರುವಾಗುವ ಹೆಸರಿನ ನಿಮ್ಮ ಫೈಲ್ ಇಡಿ. ಆಮೇಲೆ ಎಸ್‌ಎಸ್‌ಎಚ್‌ಡಿಯನ್ನು ದೊಡ್ಡ ಟಿ ಆಯ್ಕೆಯೊಂದಿಗೆ ಓಡಿಸಿದರೆ ನಿಜವಾಗಿ ಯಾವ ಸೆಟ್ಟಿಂಗ್ ಜಾರಿಯಲ್ಲಿದೆ ಎಂಬ ಪೂರ್ತಿ ಪಟ್ಟಿ ಬರುತ್ತದೆ. ಸಣ್ಣ ಟಿ ಆದರೆ ತಪ್ಪಿದೆಯೋ ಇಲ್ಲವೋ ಅಷ್ಟೇ ಹೇಳುತ್ತದೆ. ಕೀಬೋರ್ಡ್ ಇಂಟರ್‌ಆ್ಯಕ್ಟಿವ್ ಸಾಲನ್ನೂ ‘ನೋ’ ಮಾಡಲು ಮರೆಯಬೇಡಿ, ಅದು ಪಾಸ್‌ವರ್ಡ್‌ನ ಹಿಂಬಾಗಿಲು.

ಇದನ್ನೆಲ್ಲ ಮಾಡುವಾಗ ಈಗಿರುವ ಕಿಟಕಿ ಮುಚ್ಚಬೇಡಿ. ಹೊಸ ಕಿಟಕಿಯಲ್ಲಿ ಕೀಯಿಂದ ಒಳಗೆ ಹೋಗಿ ನೋಡಿದ ಮೇಲೆಯೇ ಹಳೆಯದನ್ನು ಬಿಡಿ. ಇಲ್ಲದಿದ್ದರೆ ಕೀಬೋರ್ಡ್ ಮಾನಿಟರ್ ಹೊತ್ತು ಹಾವೇರಿ ಬಸ್ ಹಿಡಿಯಬೇಕಾಗುತ್ತದೆ.

ಪೋರ್ಟ್ 22 ಬದಲಿಸಿದ್ರ ಸೇಫ್ ಹೌದಿಲ್ಲೋ?

ಲಾಗ್‌ನಲ್ಲಿ ಗದ್ದಲ ಕಡಿಮೆಯಾಗುತ್ತದೆ, ಅಷ್ಟೇ. ಬೇಕಾದರೆ ಮಾಡಿ. ಉಬುಂಟು 24.04ರಲ್ಲಿ ಎಸ್‌ಎಸ್‌ಎಚ್ ಸಾಕೆಟ್ ಮೂಲಕ (ಅಂದರೆ ಸಂಪರ್ಕ ಬಂದಾಗ ಸಿಸ್ಟಮ್ ಎಬ್ಬಿಸಿ) ಏಳುವುದರಿಂದ, ಪೋರ್ಟ್ ಬದಲಿಸಿದ ಮೇಲೆ ಡೀಮನ್-ರೀಲೋಡ್ ಮಾಡಿ ಎಸ್‌ಎಸ್‌ಎಚ್ ಸಾಕೆಟ್ಟನ್ನೇ ರೀಸ್ಟಾರ್ಟ್ ಮಾಡಬೇಕು.

ನಮ್ಮ ಬ್ರಾಡ್‌ಬ್ಯಾಂಡ್‌ಗೆ ಪಬ್ಲಿಕ್ ಐಪಿ ಇಲ್ಲಂತ. ಗದಗಿನ ಪ್ರೆಸ್ಸಿನ ಸರ್ವರ್‌ಗೆ ಹುಬ್ಬಳ್ಳಿಯಿಂದ ಹ್ಯಾಂಗ ಹೋಗಲಿ?

ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್‌ನೆಟ್ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ ಕಂಪನಿ ಒಂದೇ ಐಪಿಯನ್ನು ನೂರಾರು ಮನೆಗೆ ಹಂಚಿದೆ ಎಂದರ್ಥ. ಪೋರ್ಟ್ ಫಾರ್ವರ್ಡ್ ಎಷ್ಟು ಹಚ್ಚಿದರೂ ಹೊರಗಿನಿಂದ ಯಾರೂ ಒಳಗೆ ಬರಲಾರರು. ಒಂದು ರೀತಿಯಲ್ಲಿ ಒಳ್ಳೆಯದೇ.

ಆಗ ಒಳಗಿನ ಸರ್ವರೇ ಹೊರಗೆ ಕೈಚಾಚಬೇಕು. ಅಗ್ಗದ ಕ್ಲೌಡ್ ಸರ್ವರ್ ಒಂದನ್ನು ನಡುವೆ ಇಟ್ಟು, ಪ್ರೆಸ್ಸಿನ ಯಂತ್ರ ಮತ್ತು ನಿಮ್ಮ ಲ್ಯಾಪ್‌ಟಾಪ್ ಎರಡನ್ನೂ ಅದಕ್ಕೆ ವೈರ್‌ಗಾರ್ಡ್‌ನಿಂದ ಜೋಡಿಸಿ. ಪ್ರೆಸ್ಸಿನ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಎಂದು ಇಡಿ, ಇಲ್ಲದಿದ್ದರೆ ಸುಮ್ಮನಿದ್ದಾಗ ದಾರಿ ಮುಚ್ಚಿಹೋಗುತ್ತದೆ. ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನುವವರಿಗೆ ಟೇಲ್‌ಸ್ಕೇಲ್ ಇದೆ. ಒಳಗೆ ಅದೂ ವೈರ್‌ಗಾರ್ಡೇ, ಜೋಡಣೆ ಹತ್ತು ನಿಮಿಷ. ಆದರೆ ಅಲ್ಲಿ ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯೇ ನಿಮ್ಮ ಹೆಬ್ಬಾಗಿಲು, ಆ ಖಾತೆಗೆ ಎರಡು ಹಂತದ ಪರಿಶೀಲನೆ ಇರಲೇಬೇಕು. ಟೇಲ್‌ಸ್ಕೇಲ್ ಕೊಡುವ ಐಪಿಗಳೂ ಅದೇ 100.64 ಸಾಲಿನವೇ, ನೋಡಿ ಗೊಂದಲ ಮಾಡಿಕೊಳ್ಳಬೇಡಿ.

ರೈಲಿನಾಗ ಹೊಂಟಾಗ ನೆಟ್ ಕಡಿದು ಕಡಿದು ಬರ್ತೈತಿ. ಅರ್ಧಕ್ಕ ಅಪ್‌ಡೇಟ್ ನಿಂತ್ರ?

ಟೀಮಕ್ಸ್, ಸರ್ವರ್‌ನಲ್ಲಿ ಸೆಶನ್ ಜೀವಂತ ಇಡುವ ಪ್ರೋಗ್ರಾಂ. ಲಾಗಿನ್ ಆದ ಕೂಡಲೇ ಮೊದಲು ಅದನ್ನು ಎಬ್ಬಿಸಿ, ಅದರೊಳಗೆ ಕೆಲಸ ಮಾಡಿ. ಅಣ್ಣಿಗೇರಿ ಹತ್ತಿರ ಸಿಗ್ನಲ್ ಹೋದರೂ ಸರ್ವರ್‌ನಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ, ಮತ್ತೆ ಬಂದಾಗ ಅಟ್ಯಾಚ್ ಆಗುತ್ತೀರಿ. ಡೇಟಾಬೇಸ್ ಮೈಗ್ರೇಶನ್‌ನಂಥದ್ದನ್ನು ಟೀಮಕ್ಸ್ ಇಲ್ಲದೆ ಶುರುಮಾಡುವವರ ಧೈರ್ಯಕ್ಕೆ ನಮಸ್ಕಾರ.

ಮೋಶ್ ಇನ್ನೊಂದು. 2012ರಲ್ಲಿ ಎಂಐಟಿಯಿಂದ ಬಂದದ್ದು, ಲಾಗಿನ್ ಎಸ್‌ಎಸ್‌ಎಚ್‌ನಿಂದಲೇ ಮಾಡಿಸಿ ಆಮೇಲೆ ಯುಡಿಪಿಗೆ ಹೊರಳುತ್ತದೆ. ವೈಫೈಯಿಂದ ಮೊಬೈಲ್ ಡೇಟಾಗೆ ಬದಲಾದರೂ ಸಂಪರ್ಕ ಕಡಿಯುವುದಿಲ್ಲ. ಸರ್ವರ್‌ನಲ್ಲೂ ಹಾಕಿರಬೇಕು, 60000ದಿಂದ 61000ದವರೆಗಿನ ಯುಡಿಪಿ ಪೋರ್ಟ್‌ಗಳು ತೆರೆದಿರಬೇಕು. ಹಿಂದಕ್ಕೆ ಸ್ಕ್ರಾಲ್ ಮಾಡಲು ಆಗುವುದಿಲ್ಲ, ಹಾಗಾಗಿ ಅದರೊಳಗೂ ಟೀಮಕ್ಸ್ ಬೇಕೇ ಬೇಕು.

ಫೋನಿನಿಂದ?

ಆಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಹಾಕಿದರೆ ಅಸಲಿ ಓಪನ್‌ಎಸ್‌ಎಸ್‌ಎಚ್ ಸಿಗುತ್ತದೆ. ಲ್ಯಾಪ್‌ಟಾಪಿನ ಕೀಯನ್ನು ಫೋನಿಗೆ ನಕಲು ಮಾಡಬೇಡಿ, ಫೋನಿಗೆ ಅದರದ್ದೇ ಕೀ ಮಾಡಿ.

‘ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್’ ಅಂತ ದೊಡ್ಡ ಅಕ್ಷರದಾಗ ಬರ್ತೈತಿ. ಹ್ಯಾಕ್ ಆತೇನು?

ಬಹುತೇಕ ಯಾರೋ ಸರ್ವರ್ ರೀಇನ್‌ಸ್ಟಾಲ್ ಮಾಡಿದ್ದಾರೆ, ಅಥವಾ ಅದೇ ಐಪಿ ಬೇರೆ ಯಂತ್ರಕ್ಕೆ ಹೋಗಿದೆ. ‘ಬಹುತೇಕ’ ಎಂದು ಸರ್ವರ್‌ಗಳ ಗುರುತು ಬರೆದಿಟ್ಟ ನೋನ್ ಹೋಸ್ಟ್ಸ್ ಫೈಲನ್ನೇ ಪೂರ್ತಿ ಅಳಿಸಿಬಿಡುವ ಚಾಳಿ ಮಾತ್ರ ಬೇಡ. ಅಲ್ಲಿರುವವರಿಗೆ ಫೋನ್ ಮಾಡಿ, ಏನಾದರೂ ಬದಲಾಯಿತೇ ಕೇಳಿ. ಕನ್ಸೋಲ್‌ನಲ್ಲಿ ಎಸ್‌ಎಸ್‌ಎಚ್-ಕೀಜೆನ್ ಎಲ್ ಆಯ್ಕೆಯಿಂದ ಹೋಸ್ಟ್ ಕೀಯ (ಸರ್ವರ್‌ನ ಸ್ವಂತ ಕೀ) ಫಿಂಗರ್‌ಪ್ರಿಂಟ್ ಓದಿಸಿ ನಿಮ್ಮ ಪರದೆಯದ್ದಕ್ಕೆ ತಾಳೆ ಹಾಕಿ. ಹೊಂದಿದರೆ ದೊಡ್ಡ ಆರ್ ಆಯ್ಕೆಯಿಂದ ಆ ಒಂದೇ ಹೋಸ್ಟ್‌ನ ಸಾಲು ತೆಗೆಯಿರಿ. ಹೊಸ ಸರ್ವರ್ ಕೂಡಿಸುವಾಗಲೇ ಫಿಂಗರ್‌ಪ್ರಿಂಟ್ ಪ್ರಿಂಟ್ ತೆಗೆದು ಡಬ್ಬಿಗೆ ಅಂಟಿಸಿದರೆ ಈ ಫೋನ್ ಮಾತು ಒಂದು ನಿಮಿಷದಲ್ಲಿ ಮುಗಿಯುತ್ತದೆ.

ಓಪನ್‌ಎಸ್‌ಎಸ್‌ಎಚ್ ಒಳಗೂ ದೋಷ ಬರ್ತಾವಲ್ಲ, ಮತ್ತ ಅದನ್ನ ಯಾಕ ನಂಬೋದು?

ದೋಷ ಬರದ ಸಾಫ್ಟ್‌ವೇರ್ ಇಲ್ಲ. ಬಂದಾಗ ಎಷ್ಟು ಬೇಗ, ಎಷ್ಟು ಬಯಲಲ್ಲಿ ಸರಿಮಾಡುತ್ತಾರೆ ಎಂದು ನೋಡಿ ನಾನು ಟೂಲ್ ಆರಿಸುತ್ತೇನೆ. 2024ರ ಜುಲೈಯಲ್ಲಿ ಕ್ವಾಲಿಸ್ ಸಂಸ್ಥೆಯವರು ರಿಗ್ರೆಶನ್ ಎಂಬ ದೋಷ ಪ್ರಕಟಿಸಿದರು. 2006ರಲ್ಲಿ ಮುಚ್ಚಿದ್ದ ಹಳೆಯ ತೂತು 8.5ರಲ್ಲಿ ಮತ್ತೆ ತೆರೆದುಕೊಂಡಿತ್ತು. ಪ್ರಕಟವಾದ ದಿನವೇ 9.8 ಬಂತು.

ಅದೇ ವರ್ಷ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಪ್ರಕರಣ. ಅದು ಓಪನ್‌ಎಸ್‌ಎಸ್‌ಎಚ್‌ನ ತಪ್ಪಲ್ಲ. ಎಕ್ಸ್‌ಝಡ್ ಎಂಬ ಕಂಪ್ರೆಶನ್ ಲೈಬ್ರರಿಯ 5.6.0 ಮತ್ತು 5.6.1ರಲ್ಲಿ ಯಾರೋ ಬೇಕೆಂದೇ ಹಿಂಬಾಗಿಲು ಇಟ್ಟಿದ್ದರು, ಕೆಲವು ಲಿನಕ್ಸ್‌ಗಳು ಸರ್ವಿಸ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿಗಾಗಿ ಮಾಡಿಕೊಂಡ ಮಾರ್ಪಾಡಿನಿಂದ ಅದು ಎಸ್‌ಎಸ್‌ಎಚ್‌ಡಿ ಒಳಗೆ ಸೇರುತ್ತಿತ್ತು. ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಹಿಡಿದರು. ಕೋಡ್ ಬಯಲಲ್ಲಿ ಇಲ್ಲದಿದ್ದರೆ ಆ ಅರ್ಧ ಸೆಕೆಂಡಿನ ಬೆನ್ನುಹತ್ತಲು ಅವರಿಗೆ ಆಗುತ್ತಿರಲಿಲ್ಲ.

ಆವೃತ್ತಿ ಸಂಖ್ಯೆ ನೋಡಿ ಮಾತ್ರ ಗಾಬರಿಯಾಗಬೇಡಿ. ಡೆಬಿಯನ್, ಉಬುಂಟು, ರೆಡ್ ಹ್ಯಾಟ್ ಹಳೆಯ ಸಂಖ್ಯೆಯನ್ನೇ ಉಳಿಸಿಕೊಂಡು ಪ್ಯಾಚ್ ಹಾಕುತ್ತವೆ. ಪ್ಯಾಕೇಜಿನ ಪೂರ್ತಿ ಹೆಸರನ್ನು ಅವರ ಸೆಕ್ಯುರಿಟಿ ಪ್ರಕಟಣೆಗೆ ಹೋಲಿಸಿ.

ನಾಲ್ಕು ಜನ ನೋಡ್ಕೋತೀವಿ. ಒಂದ ರೂಟ್ ಪಾಸ್‌ವರ್ಡ್ ಇದ್ರ ಸಲೀಸಲ್ಲ?

ಯಾರು ಏನು ಮಾಡಿದರೆಂದು ಎಂದೂ ಗೊತ್ತಾಗದಿರುವುದಕ್ಕೆ ಅದು ಸಲೀಸು. ಒಬ್ಬೊಬ್ಬರಿಗೆ ಒಂದು ಖಾತೆ, ಒಂದೊಂದು ಯಂತ್ರಕ್ಕೆ ಒಂದು ಕೀ, ಕೀಯ ಕೊನೆಯ ಕಾಮೆಂಟಿನಲ್ಲಿ ಹೆಸರು ಮತ್ತು ಯಂತ್ರ. ಎಲ್ಲ ಅಧಿಕಾರವಿರುವ ರೂಟ್ ಖಾತೆಯ ಲಾಗಿನ್ ಬಂದ್, ಆ ಅಧಿಕಾರ ಬೇಕಾದಾಗ ಸುಡೊ ಆದೇಶ.

ಲಾಗ್ ಇಡುವುದು ಈಗ ನಿಮ್ಮ ಇಷ್ಟಕ್ಕೆ ಬಿಟ್ಟದ್ದೂ ಅಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಪಟ್ಟಿಯಲ್ಲಿರುವ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ನಾಲ್ವರೂ ರೂಟ್ ಆಗಿಯೇ ಲಾಗಿನ್ ಆಗಿದ್ದರೆ ಆ ವರದಿಯಲ್ಲಿ ಬರೆಯುವುದೇನು?

ಕೀ ಇದ್ದ ಲ್ಯಾಪ್‌ಟಾಪ್ ಹಳೇ ಬಸ್ ಸ್ಟ್ಯಾಂಡಿನಾಗ ಕಳೀತು. ಈಗ?

ಎರಡನೇ ಯಂತ್ರದಲ್ಲಿ ಬೇರೆ ಕೀ ಇದ್ದರೆ ತಕ್ಷಣ ಅದರಿಂದ ಒಳಗೆ ಹೋಗಿ. ಇಲ್ಲದಿದ್ದರೆ ಕ್ಲೌಡ್ ಕಂಪನಿಯ ವೆಬ್ ಕನ್ಸೋಲ್, ಅಥವಾ ಸರ್ವರ್ ಇರುವ ಕೋಣೆಗೆ ಫೋನ್. ಪ್ರತಿ ಸರ್ವರ್‌ನಲ್ಲಿ ಒಳಗೆ ಬಿಡಬೇಕಾದ ಕೀಗಳ ಪಟ್ಟಿಯಾದ ಆಥರೈಸ್ಡ್ ಕೀಸ್ ಫೈಲಿನಿಂದ ಆ ಕೀಯ ಸಾಲು ಅಳಿಸಿ. ರೂಟ್ ಮತ್ತು ಡಿಪ್ಲಾಯ್ ಖಾತೆಗಳಲ್ಲೂ ಹುಡುಕಿ, ಅಲ್ಲಿ ಮರೆತದ್ದು ಇರುತ್ತದೆ. ಸಾಲು ಅಳಿಸಿದರೆ ಈಗಾಗಲೇ ತೆರೆದಿರುವ ಸೆಶನ್ ಕಡಿಯುವುದಿಲ್ಲ, ಹೂ (who) ಆದೇಶದಿಂದ ಯಾರಿದ್ದಾರೆ ನೋಡಿ ಅವನ್ನೂ ಕೊಲ್ಲಿ. ಲಾಸ್ಟ್ (last) ಆದೇಶದಿಂದ, ಲ್ಯಾಪ್‌ಟಾಪ್ ಕಳೆದ ಹೊತ್ತಿನ ನಂತರದ ಲಾಗಿನ್‌ಗಳನ್ನು ನೋಡಿ. ಆ ಲ್ಯಾಪ್‌ಟಾಪಿನ ವೈರ್‌ಗಾರ್ಡ್ ಪಿಯರ್ (ಅದರ ನಮೂದು) ತೆಗೆಯಿರಿ, ಟೇಲ್‌ಸ್ಕೇಲ್ ಇದ್ದರೆ ಆ ಯಂತ್ರವನ್ನು ಪಟ್ಟಿಯಿಂದ ಕಿತ್ತುಹಾಕಿ, ಗಿಟ್ ಖಾತೆಗೆ ಸೇರಿಸಿದ್ದ ಕೀಯನ್ನೂ. ಪಾಸ್‌ಫ್ರೇಸ್ ಗಟ್ಟಿ ಇದ್ದರೆ ಇದನ್ನೆಲ್ಲ ಮಾಡಲು ನಿಮಗೆ ಸಮಯ ಸಿಗುತ್ತದೆ. ಪೊಲೀಸ್ ಕಂಪ್ಲೇಂಟ್ ಆಮೇಲೆ ಕೊಟ್ಟರೂ ನಡೆಯುತ್ತದೆ.